ಎರಡು ವರ್ಷದ ಕಡ

ಕುಂಬಳೆ ಪೇಟೆಯಿಂದ ಸ್ಟೇಷನ್ನಿಗೆ ಇಳಿಯುವಲ್ಲಿ
ಮೊಬೈಲ್ ರಿಪೇರಿಗೂ ಹೋಮಿಯೋಪತಿಗೂ ನಡುವೆ ನನ್ನ ಅಂಗಡಿ.
ಫೋಟೋಸ್ಟಾಟ್, ಅಫಿಡವಿಟ್, ಮೂರು ಭಾಷೆಯಲ್ಲಿ ಅರ್ಜಿ.
ಬೋರ್ಡಿನಲ್ಲಿ ಈಗಲೂ ಅಪ್ಪನ ಹೆಸರು.

ಮೊಗ್ರಾಲಿನ ಅಂದುಂಞಿಚ್ಚ ಬಂದು ಕೂತರು.
ತೊಟ್ಟೆಯೊಳಗೆ ಇನ್ನೊಂದು ತೊಟ್ಟೆ,
ಅದರೊಳಗೆ ರಬ್ಬರ್ ಬ್ಯಾಂಡು ಹಾಕಿದ ನಾಲ್ಕು ಪಾಸ್‌ಪೋರ್ಟು,
ಮೂರರ ಮೂಲೆ ಕತ್ತರಿಸಿದೆ.
"ನಾಲ್ಕನೆಯದಕ್ಕೂ ಇನ್ನು ಕತ್ತರಿಯೇ."

ಅಲ್ಲಿ ಹೊಸ ಕಾನೂನಂತೆ:
ಅರುವತ್ತಾದವರು, ಡಿಗ್ರಿ ಇಲ್ಲದವರು
ಪರ್ಮಿಟ್ಟು ಹೊಸತು ಮಾಡಿಸಲು ಕಟ್ಟಬೇಕಾದ ಹಣ
ಇವರ ಎಂಟು ತಿಂಗಳ ಸಂಬಳ.
ಕುಬ್ಬೂಸ್ ಸುಡಲು ಯಾವ ಡಿಗ್ರಿ?
ಮೂವತ್ತೊಂಬತ್ತು ವರ್ಷ ಒಲೆಯ ಬಾಯಿಗೆ ಕೊಟ್ಟ ಕೈ,
ಮೊಣಗಂಟಿನವರೆಗೆ ಒಂದು ರೋಮವಿಲ್ಲ.
ಅದನ್ನೇ ತೋರಿಸಿದರಂತೆ ಕೌಂಟರಿನಲ್ಲಿ.
ಗಾಜಿನಾಚೆಯ ಹುಡುಗ ಪರದೆ ತಿರುಗಿಸಿ
ಹುಟ್ಟಿದ ತಾರೀಕು ತೋರಿಸಿದನಂತೆ.

"ತಾರೀಕು ನಿನ್ನಪ್ಪ ಕೊಟ್ಟದ್ದು, ಮೋಳೇ."
ಸಿಟ್ಟಿರಲಿಲ್ಲ ದನಿಯಲ್ಲಿ.

ಎಂಬತ್ತನಾಲ್ಕರಲ್ಲಿ ಏಜೆಂಟು ಹೇಳಿದ್ದ
ಇಪ್ಪತ್ತೊಂದಾದರೆ ಮಾತ್ರ ವೀಸಾ ಎಂದು.
ಇವರಿಗೆ ಹತ್ತೊಂಬತ್ತು. ಉಮ್ಮನ ಲೆಕ್ಕದಲ್ಲಿ
ಹೊಳೆಯಲ್ಲಿ ದೋಣಿ ಮಗುಚಿದ ಮಳೆಗಾಲದ ಮಗು.
ಅಪ್ಪ ಕನ್ನಡಕ ಒರೆಸಿಕೊಂಡು
ಆ ಮಳೆಯನ್ನು ಎರಡು ವರ್ಷ ಹಿಂದಕ್ಕೆ ತಳ್ಳಿ
ಜೂನ್ ಒಂದು ಎಂದು ಹೊಡೆದರು.
(ಇಡೀ ಊರೇ ಜೂನ್ ಒಂದಕ್ಕೆ ಹುಟ್ಟುತ್ತಿದ್ದ ಕಾಲ.)
ಚಾರ್ಜು ನಾಲ್ಕು ರೂಪಾಯಿ.

ಆ ಮಿಶಿನು ಇನ್ನೂ ಇದೆ, ಮೇಜಿನಡಿಯಲ್ಲಿ, ಗೋಣಿ ಮುಚ್ಚಿಕೊಂಡು.
ಅದರಲ್ಲಿ ಒಂದು ಎಂಬ ಅಂಕೆಯೇ ಇಲ್ಲ,
ಇಂಗ್ಲಿಷಿನ ಸಣ್ಣ ಎಲ್ ಒತ್ತಿ ಒಂದು ಅನ್ನಿಸುವುದು.
ಅಂದರೆ ಇವರ ಹುಟ್ಟಿದ ವರ್ಷದಲ್ಲಿ
ಮೊದಲ ಅಂಕೆ ಅಂಕೆಯಲ್ಲ,
ಕೊನೆಯದು ಇವರದಲ್ಲ,
ನಡುವಿನ ಒಂಬತ್ತು, ಆರು, ಅಷ್ಟು ಮಾತ್ರ ನಿಜ.

"ಎರಡು ವರ್ಷ ವಾಪಸು ಬರೆಯಲಿಕ್ಕೆ ಆಗ್ತದಾ?"
ಶಾಲೆಯ ದಾಖಲೆ ಬೇಕು ಅಂದೆ.
ನಾಲ್ಕನೆಯ ತನಕ ಕನ್ನಡ ಶಾಲೆ,
ಆ ರಿಜಿಸ್ಟರನ್ನು ಗೆದ್ದಲು ಓದಿ ಪಾಸಾಗಿದೆ.
ಪಂಚಾಯತಿನ ಪತ್ರ, ಗಜೆಟ್ಟು, ಎರಡು ಸಾಕ್ಷಿ.
ಎಲ್ಲ ಸಿಕ್ಕಿ ಇಲ್ಲಿ ತಿದ್ದಿದರೂ
ಅಲ್ಲಿನ ಕಂಪ್ಯೂಟರು ಕೇಳುತ್ತದೆ, ಇವನು ಯಾರು ಹೊಸಬ?

ಅವರು ಫ್ಯಾನು ನೋಡಿದರು ಸ್ವಲ್ಪ ಹೊತ್ತು.
"ಮನೆಯಲ್ಲೂ ಹಾಗೇ. ಬಂದವರೆಲ್ಲ ಕೇಳುವುದು
ಎಷ್ಟು ದಿನ ರಜೆ ಅಂತ.
ರೇಷನ್ ಕಾರ್ಡಿನಲ್ಲಿ ಬೀವಾತು ಇದ್ದಾಳೆ, ಮಕ್ಕಳಿದ್ದಾರೆ.
ನಾನಿಲ್ಲ."

ಅಪ್ಪ ಹೇಳುವುದಿತ್ತು:
ಐವತ್ತಾರರಲ್ಲಿ ನಾವು ಜಗಲಿಯಲ್ಲಿ ಕೂತೇ ಇದ್ದೆವು,
ರಾಜ್ಯ ಎದ್ದು ಹೋಯಿತು.
ಹೇಳಲೇ ಅಂದುಕೊಂಡೆ. ಹೇಳಲಿಲ್ಲ.
ಕೂತವರ ಕತೆ ಅದು,
ಒಲೆಯ ಮುಂದೆ ನಿಂತವರಿಗೆ ಯಾಕೆ?

ಅಷ್ಟರಲ್ಲಿ ಎದುರಿನ ಹೋಟೆಲಿನ ರಹಿಮುಲ್ ಬಂದ,
ಮುರ್ಷಿದಾಬಾದಿನವನು, ಪರೋಟದ ಹುಡುಗ.
ಊರಿನಿಂದ ಫೋನಿಗೆ ಬಂದ ಅಜ್ಜನ ಜಾಗದ ಕಾಗದ,
ಐದು ಕಾಪಿ ಬೇಕು, ಬೇಗ.
ಯಾರು ಕೇಳಿದರು ಎಂದರೆ
"ಎಲ್ಲರೂ, ದೀದಿ," ಎಂದ.
ಗಾಜಿನ ಮೇಲೆ ಅವನ ಬೆರಳಿನ ಹಿಟ್ಟು.

ಅಂದುಂಞಿಚ್ಚ ಆ ಹಿಟ್ಟನ್ನು ಉಗುರಿನಿಂದ ಕೆರೆದು
ಎರಡು ಬೆರಳ ನಡುವೆ ತಿಕ್ಕಿ ನೋಡಿದರು.
"ನೀರು ಜಾಸ್ತಿ."
ಹುಡುಗ ಏನೋ ಅಂದ, ಇವರು ಹಿಂದಿಯಲ್ಲಿ ಏನೋ ಬೈದರು,
ಇಬ್ಬರೂ ರಸ್ತೆ ದಾಟಿದರು.

ಇಲ್ಲಿಂದ ಕಾಣುತ್ತದೆ:
ವಾಚು ಬಿಚ್ಚಿ ಕಿಸೆಗೆ ಹಾಕಿ
ತೋಳು ಮಡಿಸುತ್ತಿದ್ದಾರೆ.

ತೊಟ್ಟೆ ನನ್ನ ಮೇಜಿನ ಮೇಲೇ ಉಳಿದಿದೆ,
ಐದೂಮುಕ್ಕಾಲರ ಗಾಡಿ ಹೋದ ಮೇಲೆ
ನಾನು ಶಟರು ಎಳೆಯಬೇಕು.